ಕೊಡಗಿನ ಪರವಾಗಿ ಬರೆಯುವ ಕೈಗಳು ಯಾರವು? ಸಾರ್ವಜನಿಕ ಸಂಪರ್ಕದ ಕೆಲಸದಲ್ಲಿ ಸಮುದಾಯ ವೈವಿಧ್ಯದ ಪ್ರಶ್ನೆ

ಒಂದು ವರ್ಷದೊಳಗೆ ಬಂದ ಮೂರು ಸುದ್ದಿಗಳು ಓದುಗರ ಮನಸ್ಸಿನಲ್ಲಿ ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಂದು ವಿಧೇಯಕಕ್ಕೆ ಒಪ್ಪಿಗೆ ಕೊಟ್ಟಿತು. ಖಾಸಗಿ ಸಂಸ್ಥೆಗಳ ಆಡಳಿತ ಹಂತದ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಎಂದು ಅದು ಹೇಳುತ್ತಿತ್ತು. ಉದ್ಯಮಗಳ ವಿರೋಧ ಬಂದದ್ದೇ ತಡ, ವಿಧೇಯಕ ತಡೆಹಿಡಿಯಲ್ಪಟ್ಟಿತು. 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್, ಅಧಿಕಾರ ವಹಿಸಿಕೊಂಡ ಮೊದಲ ಎರಡು ದಿನಗಳಲ್ಲೇ ಉದ್ಯೋಗದಲ್ಲಿ ವೈವಿಧ್ಯವನ್ನು ಪ್ರೋತ್ಸಾಹಿಸುವ ಸರ್ಕಾರಿ ಯೋಜನೆಗಳನ್ನು ರದ್ದು ಮಾಡುವ ಆದೇಶಗಳಿಗೆ ಸಹಿ ಹಾಕಿದರು. 1965ರಿಂದ ಜಾರಿಯಲ್ಲಿದ್ದ ಒಂದು ಮುಖ್ಯ ಆದೇಶವೂ ಅದರೊಂದಿಗೆ ಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ರಾಯಭಾರಿಯಾಗಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ ಕೊಟ್ಟು ನೇಮಿಸಿದಾಗ, ಕನ್ನಡದವರು ಯಾರೂ ಸಿಗಲಿಲ್ಲವೇ ಎಂಬ ಕೂಗೆದ್ದಿತು. ರಾಜ್ಯದ ಹೊರಗಿನ ಮಾರುಕಟ್ಟೆಯನ್ನು ತಲುಪಲು ಈ ಆಯ್ಕೆ ಎಂದು ಸರ್ಕಾರ ಉತ್ತರಿಸಿತು.

ಒಂದು ಉದ್ಯೋಗದ ಸುದ್ದಿ, ಇನ್ನೊಂದು ಪರದೇಶದ ರಾಜಕೀಯ, ಮತ್ತೊಂದು ಜಾಹೀರಾತಿನ ಜಗಳ. ಸ್ಥಳೀಯತೆ, ವೈವಿಧ್ಯ, ಪ್ರಾತಿನಿಧ್ಯ ಎಂಬ ಮೂರು ಮಾತುಗಳು ಚರ್ಚೆಯಲ್ಲಿ ಒಂದೇ ಅರ್ಥದಲ್ಲಿ ಓಡಾಡುತ್ತಿವೆ. ಅವು ಒಂದೇ ಅಲ್ಲ. ಅವುಗಳ ನಡುವಿನ ಅಂತರ ಎದ್ದು ಕಾಣುವ ಜಾಗ ಕೊಡಗು. ಅಂತರ ಬಹಳ ನೋಯಿಸುವ ಉದ್ಯೋಗ ಸಾರ್ವಜನಿಕ ಸಂಪರ್ಕ. ಇನ್ನೊಬ್ಬರ ಪರವಾಗಿ ಮಾತನಾಡುವುದೇ ಆ ಉದ್ಯೋಗದ ಕೆಲಸವಾದ್ದರಿಂದ, ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದು ಸಂಬಳದ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ.

ಯಾವುದು ಈ ಕೆಲಸ?

ಜಾಹೀರಾತು ಹಣ ಕೊಟ್ಟು ಕೊಂಡ ಜಾಗ. ಸಾರ್ವಜನಿಕ ಸಂಪರ್ಕ, ಅಂದರೆ ಪಿಆರ್, ಜನರ ನಂಬಿಕೆಯಲ್ಲಿ ಸಂಪಾದಿಸಬೇಕಾದ ಜಾಗ. ಪತ್ರಿಕಾ ಪ್ರಕಟಣೆ ಬರೆಯುವುದು, ಸುದ್ದಿಗೋಷ್ಠಿ ಏರ್ಪಡಿಸುವುದು, ಸಂಸ್ಥೆಯ ಫೇಸ್‌ಬುಕ್ ಪುಟ ನೋಡಿಕೊಳ್ಳುವುದು, ಅನಾಹುತ ಆದಾಗ ಮೊದಲ ಹೇಳಿಕೆಯನ್ನು ಸಿದ್ಧಪಡಿಸುವುದು, ಜನ ಏನನ್ನುತ್ತಿದ್ದಾರೆ ಎಂದು ಒಳಗಿನವರಿಗೆ ತಿಳಿಸುವುದು, ಇವೆಲ್ಲ ಅದರ ಭಾಗ. ಭಾರತದಲ್ಲಿ ಈ ವೃತ್ತಿಯವರ ರಾಷ್ಟ್ರೀಯ ಸಂಘ 1958ರಲ್ಲೇ ಹುಟ್ಟಿದೆ. ಏಪ್ರಿಲ್ 21ನ್ನು ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನವಾಗಿ ಆಚರಿಸುತ್ತಾರೆ.

ಕೊಡಗಿನಲ್ಲಿ ಈ ಕೆಲಸ ಹಲವು ಹೆಸರಿನಲ್ಲಿ ನಡೆಯುತ್ತದೆ. ಮಡಿಕೇರಿಯಲ್ಲಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಕಚೇರಿ ಇದೆ. ಅರಣ್ಯ ಇಲಾಖೆ, ಪ್ರವಾಸೋದ್ಯಮ ಇಲಾಖೆ, ಕಾಫಿ ಬ್ರ್ಯಾಂಡುಗಳು, ಸ್ವಯಂಸೇವಾ ಸಂಸ್ಥೆಗಳು ಇವೆ. ದೊಡ್ಡ ರೆಸಾರ್ಟ್‌ಗಳ ಮಾತು ಸಾಮಾನ್ಯವಾಗಿ ಬೆಂಗಳೂರು, ಮುಂಬೈಗಳ ಏಜೆನ್ಸಿಗಳಲ್ಲಿ ತಯಾರಾಗುತ್ತದೆ. ಸಣ್ಣ ಹೋಂಸ್ಟೇಗಳ ಇನ್‌ಸ್ಟಾಗ್ರಾಂ ಖಾತೆಯನ್ನು ಯಾರೋ ಒಬ್ಬ ಯುವಕ ಸಂಜೆ ಹೊತ್ತು ನೋಡಿಕೊಳ್ಳುತ್ತಾನೆ. ಇವರೆಲ್ಲರ ಬರಹ ಸೇರಿ, ಹೊರಗಿನವರ ಕಣ್ಣಿಗೆ ಕಾಣುವ ‘ಕೂರ್ಗ್’ ಆಗುತ್ತದೆ. ಅದು ಕೊಡಗಿನ ಒಂದು ತುಂಡು ಮಾತ್ರ.

ಐದೂವರೆ ಲಕ್ಷ ಜನ, ಎಷ್ಟೋ ಭಾಷೆ

2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ಅದೇ ಗಣತಿಯಲ್ಲಿ ಕೊಡವ ತಕ್ಕ್ ತಮ್ಮ ತಾಯ್ನುಡಿ ಎಂದು ಬರೆಸಿದವರು ದೇಶದಲ್ಲೆಲ್ಲ ಸೇರಿ 1,13,857 ಮಂದಿ. ಅರೆಭಾಷೆ ಆಡುವ ಗೌಡರು, ಸೋಮವಾರಪೇಟೆ–ಶನಿವಾರಸಂತೆ ಕಡೆಯ ಲಿಂಗಾಯತರು, ಮಾಪಿಳ್ಳೆ ಮುಸ್ಲಿಮರು, ಜಮ್ಮಾ ಮಾಪಿಳ್ಳೆಗಳು, ಮಲಯಾಳಿ, ತಮಿಳು, ತುಳು ಮಾತನಾಡುವವರು, ವಿರಾಜಪೇಟೆಯ ಕೊಂಕಣಿ ಕ್ರೈಸ್ತರು, ಹೆಗ್ಗಡೆ, ಐರಿ, ಕೋಯವ, ಕೆಂಬಟ್ಟಿ, ಅಮ್ಮಕೊಡವರು, ಹೀಗೆ ಪಟ್ಟಿ ಉದ್ದ. ಹತ್ತರಲ್ಲಿ ಒಬ್ಬರು ಪರಿಶಿಷ್ಟ ಪಂಗಡದವರು: ಜೇನು ಕುರುಬ, ಬೆಟ್ಟ ಕುರುಬ, ಎರವ, ಪಣಿಯ, ಕುಡಿಯ. ಕರ್ನಾಟಕದಲ್ಲಿ ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲ ಎಂದು ಗುರುತಿಸಿರುವ ಎರಡೇ ಬುಡಕಟ್ಟುಗಳಲ್ಲಿ ಜೇನು ಕುರುಬ ಒಂದು, ಕೊರಗ ಇನ್ನೊಂದು. ಇವರ ಜೊತೆಗೆ ಈಚಿನ ವರ್ಷಗಳಲ್ಲಿ ತೋಟಗಳ ಲೈನ್ ಮನೆಗಳಿಗೆ, ಅಂದರೆ ಕಾರ್ಮಿಕರ ಸಾಲುಮನೆಗಳಿಗೆ, ಬಂದ ಅಸ್ಸಾಂ ಕಡೆಯ ಕಾರ್ಮಿಕರು.

ಇಷ್ಟು ಜನರಿರುವ ಜಿಲ್ಲೆಯಲ್ಲಿ ಹೆಸರೇ ದೊಡ್ಡ ವಿಷಯ. ಸರ್ಕಾರಿ ಪಟ್ಟಿಯಲ್ಲಿ ‘ಕೊಡಗರು’ ಎಂದಿದ್ದುದನ್ನು ‘ಕೊಡವ’ ಎಂದು ತಿದ್ದಿಸಲು ವರ್ಷಗಟ್ಟಲೆ ಹೋರಾಟ ನಡೆದಿದೆ. ಹೊರಗಿನವರಿಗೆ ಎರಡೂ ಒಂದೇ ಅನಿಸಬಹುದು. ಆದರೆ ‘ಕೊಡಗರು’ ಎಂದರೆ ಕೊಡಗಿನಲ್ಲಿ ಇರುವ ಯಾರಾದರೂ ಆಗಬಹುದು, ‘ಕೊಡವ’ ಒಂದು ಜನಾಂಗದ ಹೆಸರು. ಎರವರ ಸಂಗತಿಯೂ ಹಾಗೆಯೇ. ಅವರು ತಮ್ಮನ್ನು ರಾವುಳರು ಎಂದು ಕರೆದುಕೊಳ್ಳುತ್ತಾರೆ. ‘ಎರವ’ ಎಂಬುದು ಎರವಲು ಎಂಬ ಮಾತಿಗೆ, ಅಂದರೆ ಒಬ್ಬ ಯಜಮಾನನಿಂದ ಇನ್ನೊಬ್ಬನಿಗೆ ಆಳುಗಳನ್ನು ಎರವಲು ಕೊಡುತ್ತಿದ್ದ ಕಾಲಕ್ಕೆ ತಳುಕು ಹಾಕಿಕೊಂಡಿದೆ ಎಂಬ ವಿವರಣೆ ಪ್ರಚಲಿತವಾಗಿದೆ. ಒಂದು ಪತ್ರಿಕಾ ಪ್ರಕಟಣೆ ಬರೆಯುವಾಗ ಈ ಎರಡರಲ್ಲಿ ಯಾವ ಪದ ಬಳಸಬೇಕು, ಎಲ್ಲಿ ಎರಡನ್ನೂ ಬಳಸಬೇಕು ಎಂಬ ಅನುಮಾನವಾದರೂ ಬರಬೇಕಾದರೆ, ಕೋಣೆಯಲ್ಲಿ ಅದು ಗೊತ್ತಿರುವವರು ಒಬ್ಬರಾದರೂ ಇರಬೇಕು. ಗೊತ್ತಿಲ್ಲದವರು ಕೆಟ್ಟವರಲ್ಲ, ಅವರಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ, ಅಷ್ಟೆ. ವೈವಿಧ್ಯದ ಪರವಾದ ವಾದದ ತಿರುಳು ಇಲ್ಲಿದೆ.

ಚಿತ್ರದಲ್ಲಿ ಇದ್ದಾರೆ, ಬರಹದಲ್ಲಿ ಇಲ್ಲ

ಕೊಡಗಿನ ಪ್ರಚಾರದಲ್ಲಿ ಬುಡಕಟ್ಟಿನವರು ಕಾಣುವುದೇ ಇಲ್ಲ ಎಂದರೆ ತಪ್ಪಾಗುತ್ತದೆ. ಕಾವೇರಿ ದಡದ ದುಬಾರೆ ಆನೆ ಶಿಬಿರದ ಚಿತ್ರಗಳನ್ನೇ ನೋಡಿ. ಆನೆಯ ಮೈ ತೊಳೆಯುವ, ಅದರ ಕಿವಿಯ ಹಿಂದೆ ಕಾಲಿಟ್ಟು ಕೂತ ಮಾವುತ–ಕಾವಾಡಿಗಳಲ್ಲಿ ಕುರುಬರೇ ಹೆಚ್ಚು. ತಲೆಮಾರುಗಳಿಂದ ಬಂದ ವಿದ್ಯೆ ಅದು. ಮೈಸೂರು ದಸರೆಯ ಜಂಬೂಸವಾರಿಗೆ ಹೋಗುವ ಆನೆಗಳ ಜೊತೆ ನಡೆಯುವವರೂ ಅವರೇ. ಕಾಫಿ ಪೊಟ್ಟಣದ ಮೇಲೆ ಹಣ್ಣು ಬಿಡಿಸುವ ಹೆಂಗಸಿನ ನಗುವಿದೆ. ಆದರೆ ಚಿತ್ರದ ಕೆಳಗಿನ ಎರಡು ಸಾಲು, ಶಿಬಿರದಲ್ಲಿ ಏನಾದರೂ ಅವಘಡವಾದರೆ ಹೊರಡುವ ಹೇಳಿಕೆ, ತೋಟದ ಕೂಲಿಯ ಬಗ್ಗೆ ಪ್ರಶ್ನೆ ಎದ್ದಾಗ ಕಂಪನಿ ಕೊಡುವ ಉತ್ತರ, ಇವು ಬೇರೆ ಮೇಜಿನಲ್ಲಿ ಹುಟ್ಟುತ್ತವೆ.

ಗೋಣಿಕೊಪ್ಪ ಬಳಿಯ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬ ಇದಕ್ಕೆ ಸ್ಪಷ್ಟ ಉದಾಹರಣೆ. ಪ್ರತಿ ವರ್ಷ ಅದು ‘ಬೈಗುಳದ ಹಬ್ಬ’ ಎಂಬ ತಲೆಬರಹದಲ್ಲಿ ಸುದ್ದಿಯಾಗುತ್ತದೆ. ವೇಷ ಹಾಕಿಕೊಂಡು, ಡಬ್ಬ ಬಡಿಯುತ್ತ, ಬೈಯುತ್ತ ಕಾಣಿಕೆ ಕೇಳುವ ಜೇನು ಕುರುಬರು, ಎರವರು ವಿಡಿಯೊಗಳಲ್ಲಿ ತಮಾಷೆಯ ವಸ್ತುವಾಗುತ್ತಾರೆ. ಹಬ್ಬದ ಹಿಂದಿನ ಕಥೆ ಬೇರೆಯದೇ ದನಿಯಲ್ಲಿದೆ. ಬೇಟೆಗೆಂದು ತಮ್ಮನ್ನು ಕಾಡಿಗೆ ಕರೆದುಕೊಂಡು ಹೋದ ಅಯ್ಯಪ್ಪ, ಭದ್ರಕಾಳಿಯ ಜೊತೆ ಹೊರಟುಹೋಗಿ ತಮ್ಮನ್ನು ನಡುಕಾಡಿನಲ್ಲಿ ಕೈಬಿಟ್ಟ. ಆ ದೇವರನ್ನು ವರ್ಷಕ್ಕೊಂದು ದಿನ ಬೈದು, ಕೊನೆಗೆ ಅವನ ಗುಡಿಗೇ ಹೋಗಿ ತಪ್ಪು ಒಪ್ಪಿಸಿ ಬರುತ್ತಾರೆ. ನಂಬಿದವನು ಕೈಬಿಟ್ಟಾಗ ಅವನನ್ನು ಬೈಯುವ ಹಕ್ಕನ್ನು ಉಳಿಸಿಕೊಂಡ ಜನರ ಕಥೆ ಇದು. ‘ಬೈಗುಳದ ಹಬ್ಬ’ ಎಂಬ ತಲೆಬರಹದಲ್ಲಿ ಆ ಕಥೆ ಸತ್ತುಹೋಗುತ್ತದೆ. ಹಬ್ಬದ ಪ್ರಕಟಣೆಯನ್ನು ಹಾಡಿಯಲ್ಲಿ, ಅಂದರೆ ಬುಡಕಟ್ಟಿನವರ ನೆಲೆಯಲ್ಲಿ, ಬೆಳೆದವರು ಬರೆದರೆ ತಲೆಬರಹ ಖಂಡಿತ ಬೇರೆಯಾಗುತ್ತದೆ.

ಕೊಡವರಿಗೂ ಇಂಥ ನೋವು ಹೊಸದಲ್ಲ. ಅವರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಸೇರಿದ್ದು ಮದುವೆ, ಹಬ್ಬ, ಸಾವಿನಂಥ ಸಂದರ್ಭಗಳಿಗೆ. ಅದನ್ನು ಅತಿಥಿಗಳನ್ನು ರಂಜಿಸುವ ಸಮವಸ್ತ್ರವಾಗಿಸಿದರೆ ಮನಸ್ಸು ಕದಡುವುದು ಸಹಜ. ಜಿಲ್ಲೆಯಲ್ಲಿ ಪ್ರಭಾವ ಇರುವ ಸಮುದಾಯದ ಉಡುಪಿಗೇ ಹೀಗಾಗುವುದಾದರೆ, ಪ್ರಭಾವವೇ ಇಲ್ಲದವರ ಹಾಡು, ಕುಣಿತಗಳಿಗೆ ಏನಾಗುತ್ತದೆ ಎಂದು ಊಹಿಸಬಹುದು.

ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ ಏನಾಯಿತು?

ಪಿಆರ್ ಉದ್ಯೋಗದಲ್ಲಿ ಜನಾಂಗೀಯ ವೈವಿಧ್ಯದ ಚರ್ಚೆ ಹಳೆಯದು ಅಮೆರಿಕದಲ್ಲಿ. 1934ರಲ್ಲಿ ಫಿಲಡೆಲ್ಫಿಯಾದಲ್ಲಿ ಜೋಸೆಫ್ ಬೇಕರ್ ಎಂಬ ಕಪ್ಪುವರ್ಣೀಯ ಪತ್ರಕರ್ತ ತನ್ನದೇ ಪಿಆರ್ ಸಂಸ್ಥೆ ತೆರೆದರು. 1944ರಲ್ಲಿ ವಾಷಿಂಗ್ಟನ್‌ನಲ್ಲಿ ಮಾಸ್ ಕೆಂಡ್ರಿಕ್ಸ್ ಇನ್ನೊಂದನ್ನು ಆರಂಭಿಸಿದರು. ದೊಡ್ಡ ಕಂಪನಿಗಳು ಇವರನ್ನು ಕರೆದವು. ಕೆಂಡ್ರಿಕ್ಸ್ ಕೋಕಾ ಕೋಲಾದಂಥ ಕಂಪನಿಯ ಪ್ರಚಾರದಲ್ಲಿ ಕಪ್ಪುವರ್ಣೀಯರು ಅಡುಗೆಯವರಾಗಿ, ಆಳುಗಳಾಗಿ ಅಲ್ಲದೆ ಸಾಮಾನ್ಯ ಕುಟುಂಬದವರಾಗಿ ಕಾಣುವಂತೆ ಮಾಡಲು ದುಡಿದರು. ಅದು ದೊಡ್ಡ ಗೆಲುವು. ಆದರೆ ಆ ಗೆಲುವಿಗೆ ಒಂದು ಬೇಲಿಯಿತ್ತು. ಇವರನ್ನು ಕರೆದದ್ದು ಕಪ್ಪುವರ್ಣೀಯ ಗ್ರಾಹಕರ ‘ವಿಶೇಷ ಮಾರುಕಟ್ಟೆ’ಗಾಗಿ. ಇಡೀ ಕಂಪನಿಯ ಮಾತು ಇವರ ಕೈಗೆ ಬರಲಿಲ್ಲ.

ಮುಖ್ಯ ಕೋಣೆಗಳ ಸ್ಥಿತಿ ಬಹುಕಾಲ ಹಾಗೆಯೇ ಉಳಿಯಿತು. ಅಮೆರಿಕದ ಕಾರ್ಮಿಕ ಅಂಕಿಅಂಶಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಅಲ್ಲಿನ ಪಿಆರ್ ಉದ್ಯೋಗಿಗಳಲ್ಲಿ ಸುಮಾರು ಶೇ 88 ಬಿಳಿಯರು. ಕಪ್ಪುವರ್ಣೀಯರು ಸುಮಾರು ಶೇ 8, ಏಷ್ಯಾ ಮೂಲದವರು ಶೇ 3ಕ್ಕಿಂತ ಕಡಿಮೆ. ದೇಶದ ಒಟ್ಟು ದುಡಿಯುವ ವರ್ಗದಲ್ಲಿ ಬಿಳಿಯರ ಪಾಲು ಸುಮಾರು ಶೇ 78 ಮಾತ್ರ. ಅದೇ ವರ್ಷದ ಜನವರಿಯಲ್ಲಿ ಬಟ್ಟೆ ಕಂಪನಿ ಎಚ್ ಆ್ಯಂಡ್ ಎಂ, ಒಬ್ಬ ಕಪ್ಪುವರ್ಣೀಯ ಹುಡುಗನಿಗೆ ‘ಕಾಡಿನ ಕೋತಿ’ ಎಂಬ ಅರ್ಥದ ಬರಹವಿರುವ ಅಂಗಿ ತೊಡಿಸಿ ಚಿತ್ರ ಪ್ರಕಟಿಸಿ ಜಗತ್ತಿನೆಲ್ಲೆಡೆ ಕ್ಷಮೆ ಕೇಳಬೇಕಾಯಿತು. ಎಷ್ಟೋ ಕೈ ದಾಟಿ ಹೊರಗೆ ಬಂದ ಚಿತ್ರ ಅದು. ಒಂದು ಕೈಯೂ ಅದನ್ನು ತಡೆಯಲಿಲ್ಲ.

ಬ್ರಿಟನ್ ಬೇರೆ ದಾರಿ ಹುಡುಕಿತು. ಲಂಡನ್‌ನಲ್ಲಿ 2008ರಲ್ಲಿ ಆರಂಭವಾದ ಟೇಲರ್ ಬೆನೆಟ್ ಫೌಂಡೇಷನ್, ಕಪ್ಪು, ಏಷ್ಯಾ ಮೂಲದ ಮತ್ತು ಇತರ ಅಲ್ಪಸಂಖ್ಯಾತ ಪದವೀಧರರಿಗೆ ಭತ್ಯೆ ಕೊಟ್ಟು ಪಿಆರ್ ತರಬೇತಿ ನೀಡುತ್ತದೆ. ಅಲ್ಲಿ ಗುರುತಿಸಿದ ಕಾಯಿಲೆ ಸರಳ. ಈ ವೃತ್ತಿಗೆ ಬರುವವರು ಮೊದಲು ಸಂಬಳವಿಲ್ಲದೆ ತಿಂಗಳುಗಟ್ಟಲೆ ಇಂಟರ್ನ್‌ಶಿಪ್ ಮಾಡಬೇಕು, ನಗರದಲ್ಲಿ ಬಾಡಿಗೆ ಕಟ್ಟಬೇಕು, ಯಾರಾದರೂ ಪರಿಚಯದವರು ಕೈಹಿಡಿದು ಒಳಗೆ ಕರೆಯಬೇಕು. ಹಣ ಮತ್ತು ಪರಿಚಯ ಎರಡೂ ಇಲ್ಲದವರು ಅರ್ಜಿ ಹಾಕುವ ಮೊದಲೇ ಸೋತಿರುತ್ತಾರೆ. ಪ್ರತಿಭೆಯ ಮಾತು ಬರುವುದು ಆಮೇಲೆ.

ಇಲ್ಲಿ ಲೆಕ್ಕವೇ ಇಲ್ಲ

ಅಮೆರಿಕದಲ್ಲಿ ನೂರು ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ತಮ್ಮ ನೌಕರರ ಜನಾಂಗೀಯ ವಿವರವನ್ನು ಸರ್ಕಾರಕ್ಕೆ ಕೊಡಬೇಕು. ಸರ್ಕಾರದ ಕಾರ್ಮಿಕ ಸಮೀಕ್ಷೆಗಳೂ ಜನಾಂಗವಾರು ಲೆಕ್ಕ ಇಡುತ್ತವೆ. ಹಾಗಾಗಿ ಶೇ 88 ಎಂಬಂಥ ಅಂಕಿಯನ್ನು ಮುಂದಿಟ್ಟು ಜಗಳವಾಡಲು ಅಲ್ಲಿ ಸಾಧ್ಯ. ಭಾರತದ ಖಾಸಗಿ ಸಂಸ್ಥೆಗಳಿಗೆ ಜಾತಿ, ಪಂಗಡದ ಲೆಕ್ಕ ಬಹಿರಂಗಪಡಿಸುವ ಬಾಧ್ಯತೆ ಇಲ್ಲ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಮಾರುಕಟ್ಟೆ ನಿಯಂತ್ರಕ ಸೆಬಿಯ ನಿಯಮದಂತೆ 2022–23ರಿಂದ ಕೊಡಬೇಕಾದ ಸುಸ್ಥಿರತೆ ವರದಿಯಲ್ಲಿ ಮಹಿಳೆಯರೆಷ್ಟು, ಅಂಗವಿಕಲರೆಷ್ಟು ಎಂಬ ಕಲಂ ಇದೆ. ಸಮುದಾಯದ ಕಲಂ ಇಲ್ಲ.

ಇದರ ಪರಿಣಾಮವನ್ನು ಗಮನಿಸಬೇಕು. ಬಹುರಾಷ್ಟ್ರೀಯ ಏಜೆನ್ಸಿಗಳ ಬೆಂಗಳೂರು ಕಚೇರಿಗಳು ‘ವೈವಿಧ್ಯ’ ಎಂಬ ಮಾತನ್ನು ಅಮೆರಿಕದಿಂದ ತಂದುಕೊಂಡಾಗ, ಅದು ಇಲ್ಲಿ ಹೆಚ್ಚಾಗಿ ಹೆಣ್ಣು–ಗಂಡಿನ ಅನುಪಾತವಾಯಿತು. ಅದೂ ಬೇಕಾದದ್ದೇ. ಆದರೆ ಕೊಡಗಿನ ಒಬ್ಬ ಪಣಿಯ ಹುಡುಗಿಯನ್ನು ಆ ಅನುಪಾತ ಮುಟ್ಟಲಿಲ್ಲ. ಈಗ ಅಮೆರಿಕದ ತಾಯಿ ಕಂಪನಿಗಳು ಆ ಮಾತನ್ನೇ ಕೈಬಿಡತೊಡಗಿದರೆ ಇಲ್ಲೂ ಅದು ಸದ್ದಿಲ್ಲದೆ ಕಣ್ಮರೆಯಾಗುವ ಸಾಧ್ಯತೆ ಇದೆ. ಹೊರಗಿನ ಒತ್ತಾಯದಿಂದ ಬಂದದ್ದು ಒತ್ತಾಯ ಹೋದಾಗ ಹೋಗುತ್ತದೆ. ನಮ್ಮಲ್ಲಿ ಈ ಪ್ರಶ್ನೆಗೆ ನಮ್ಮದೇ ಬೇರು ಬೇಕು, ಸಂವಿಧಾನದಲ್ಲಿ ಅದು ಇದೆಯೂ ಕೂಡ.

ಸರ್ಕಾರಿ ಹುದ್ದೆಗಳಲ್ಲಿ ಲೆಕ್ಕವಿದೆ. 2022ರಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇ 3ರಿಂದ 7ಕ್ಕೆ ಏರಿಸಿತು. ವಾರ್ತಾ ಇಲಾಖೆ ಪರಿಶಿಷ್ಟ ಜಾತಿ, ಪಂಗಡದ ಪತ್ರಿಕೋದ್ಯಮ ಪದವೀಧರರಿಗೆ ಅಪ್ರೆಂಟಿಸ್ ತರಬೇತಿಗೆ ಅರ್ಜಿ ಕರೆಯುತ್ತದೆ. ಇದು ಒಳ್ಳೆಯ ಬಾಗಿಲು. ಆದರೆ ಪಂಗಡಗಳ ಪಟ್ಟಿಯಲ್ಲಿ ಐವತ್ತರಷ್ಟು ಸಮುದಾಯಗಳಿವೆ. ಸಂಖ್ಯೆಯಲ್ಲಿ, ಶಿಕ್ಷಣದಲ್ಲಿ ಮುಂದಿರುವವರ ಜೊತೆ ಜೇನು ಕುರುಬರೂ ಪಣಿಯರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ ದಾರಿ ಮಾಡಿಕೊಟ್ಟ ಮೇಲೆ, ಕರ್ನಾಟಕ 2025ರಲ್ಲಿ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಮೂರು ಗುಂಪುಗಳಿಗೆ ಶೇ 6, 6, 5ರಂತೆ ಹಂಚಿಕೆ ಮಾಡಿತು. ಪಂಗಡಗಳೊಳಗೆ ಅಂಥ ಹಂಚಿಕೆ ಆಗಲಿಲ್ಲ. ಹಾಗಾಗಿ ಶೇ 7 ಎಂಬ ಅಂಕಿ ಕಾಗದದಲ್ಲಿ ತುಂಬಿದರೂ, ನಾಗರಹೊಳೆ ಅಂಚಿನ ಹಾಡಿಗೆ ಅದು ತಲುಪುತ್ತದೆ ಎನ್ನಲಾಗದು.

ಸ್ಥಳೀಯತೆ ಒಂದು, ವೈವಿಧ್ಯ ಇನ್ನೊಂದು

2024ರ ವಿಧೇಯಕಕ್ಕೆ ಮರಳೋಣ. ಅದರಲ್ಲಿ ‘ಸ್ಥಳೀಯ’ ಎಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಇಲ್ಲಿ ನೆಲೆಸಿ, ಕನ್ನಡ ಓದಲು, ಬರೆಯಲು, ಮಾತನಾಡಲು ಬರುವವರು. ಇಡೀ ರಾಜ್ಯವೇ ಒಂದು ಘಟಕ. ಬೆಂಗಳೂರಿನ ಬಡಾವಣೆಯಲ್ಲಿ ಬೆಳೆದ ಯುವತಿ ಮಡಿಕೇರಿಯ ರೆಸಾರ್ಟಿಗೆ ಪಿಆರ್ ಅಧಿಕಾರಿಯಾಗಿ ಬಂದರೆ ಆ ವಿಧೇಯಕದ ಕಣ್ಣಿನಲ್ಲಿ ಆಕೆ ಸ್ಥಳೀಯಳು. ಅದರಲ್ಲಿ ತಪ್ಪಿಲ್ಲ. ಆದರೆ ಶೇ 50 ತುಂಬಿದ ಮೇಲೂ ಆ ಕಚೇರಿಯಲ್ಲಿ ಕೊಡಗಿನ ಒಬ್ಬರೂ ಇಲ್ಲದಿರಬಹುದು. ಕೊಡಗಿನವರೇ ತುಂಬಿದರೂ ಅವರೆಲ್ಲ ಒಂದೆರಡು ಸಮುದಾಯದವರೇ ಆಗಿರಬಹುದು.

ಸ್ಥಳೀಯತೆ ಕೇಳುವ ಪ್ರಶ್ನೆ: ನೀನು ಎಲ್ಲಿಯವನು? ವೈವಿಧ್ಯ ಕೇಳುವ ಪ್ರಶ್ನೆ: ಈ ಮೇಜಿನ ಸುತ್ತ ಎಷ್ಟು ಬಗೆಯ ಬದುಕುಗಳಿವೆ? ಮೊದಲನೆಯದಕ್ಕೆ ಕಾನೂನಿನ ತೊಡಕೂ ಇದೆ. ಹರಿಯಾಣದ ಶೇ 75ರ ಸ್ಥಳೀಯ ಮೀಸಲಾತಿ ಕಾಯ್ದೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಅಸಾಂವಿಧಾನಿಕ ಎಂದು ತಳ್ಳಿಹಾಕಿತು. ಎರಡನೆಯದಕ್ಕೆ ಕಾನೂನಿನ ಅಡ್ಡಿ ಕಡಿಮೆ. ಒಂದು ಸಂಸ್ಥೆ ಸ್ವಂತ ಮನಸ್ಸಿನಿಂದ ತರಬೇತಿ, ವಿದ್ಯಾರ್ಥಿವೇತನ, ನೇಮಕಾತಿಯ ಜಾಲವನ್ನು ವಿಸ್ತರಿಸಿದರೆ ಯಾವ ನ್ಯಾಯಾಲಯವೂ ತಡೆಯುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ವೈವಿಧ್ಯದ ಅಳತೆ ಜಾಗ ಬದಲಾದಂತೆ ಬದಲಾಗುತ್ತದೆ. ಬೆಂಗಳೂರಿನ ಏಜೆನ್ಸಿಯಲ್ಲಿ ಒಬ್ಬ ಕೊಡವ ಅಥವಾ ಅರೆಭಾಷೆ ಗೌಡ ಯುವಕ ಸೇರಿದರೆ, ಸಣ್ಣ ಭಾಷೆಯ ದನಿಯೊಂದು ಒಳಗೆ ಬಂದಂತೆ. ಮಡಿಕೇರಿಯ ಕಚೇರಿಯಲ್ಲಿ ಅದೇ ನೇಮಕಾತಿ ಅಂಥ ಬದಲಾವಣೆ ತರುವುದಿಲ್ಲ. ಕೊಡವರು ರಾಜ್ಯದ ಮಟ್ಟದಲ್ಲಿ ಸಣ್ಣ ಸಂಖ್ಯೆಯವರು, ತಮ್ಮ ಭಾಷೆ ಉಳಿಯುವುದೇ ಎಂಬ ಅವರ ಆತಂಕ ನಿಜವಾದದ್ದು. ಕೊಡವ ಸಾಹಿತ್ಯ ಅಕಾಡೆಮಿ ಬಂದದ್ದು 1994ರಲ್ಲಿ, ಅರೆಭಾಷೆಗೆ ಅಕಾಡೆಮಿ ದಕ್ಕಿದ್ದು ಅದಾದ ಎಷ್ಟೋ ವರ್ಷಗಳ ನಂತರ. ಆದರೆ ಒಂದು ಮಟ್ಟದಲ್ಲಿ ಅಲ್ಪಸಂಖ್ಯಾತರಾದವರು ಇನ್ನೊಂದು ಮಟ್ಟದಲ್ಲಿ ತೋಟದ ಯಜಮಾನರೂ ಆಗಿರಬಹುದು. ಈ ಎರಡನ್ನೂ ಒಟ್ಟಿಗೆ ಹಿಡಿದು ಯೋಚಿಸದಿದ್ದರೆ ಕೊಡಗಿನಲ್ಲಿ ವೈವಿಧ್ಯದ ಚರ್ಚೆ ಎರಡನೇ ವಾಕ್ಯಕ್ಕೇ ಜಗಳವಾಗುತ್ತದೆ.

ವಿರೋಧದ ಮಾತುಗಳಲ್ಲಿ ತೂಕವಿರುವುವು

ಪಿಆರ್ ಭಾಷೆಯ ಕೆಲಸ, ಕ್ಲೈಂಟಿಗೆ ಇಂಗ್ಲಿಷ್ ಬೇಕು, ಪ್ರತಿಭೆ ನೋಡಿ ತೆಗೆದುಕೊಳ್ಳುತ್ತೇವೆ ಎಂಬುದು ಸಾಮಾನ್ಯ ಉತ್ತರ. ಇಂಗ್ಲಿಷ್ ಬೇಕೆಂಬುದು ನಿಜ. ಆದರೆ ಕೊಡಗಿನ ಪಿಆರ್‌ಗೆ ಇಂಗ್ಲಿಷ್ ಮಾತ್ರ ಸಾಕು ಎಂಬುದು ನಿಜವಲ್ಲ. ರಾವುಳ ಭಾಷೆ, ಮಲಯಾಳಂ, ಕೊಡವ ತಕ್ಕ್ ಬಲ್ಲವರ ಜ್ಞಾನಕ್ಕೆ ಅರ್ಜಿ ನಮೂನೆಯಲ್ಲಿ ಅಂಕವಿಲ್ಲದಿರುವುದು ನಮೂನೆಯ ದೋಷ.

ಎರಡನೆಯ ಆಕ್ಷೇಪ ಸಮುದಾಯಗಳ ಒಳಗಿನಿಂದಲೇ ಬರುವಂಥದ್ದು, ನನ್ನ ದೃಷ್ಟಿಯಲ್ಲಿ ಹೆಚ್ಚು ಗಂಭೀರವಾದದ್ದು. ನಮ್ಮ ಹುಡುಗನನ್ನು ಕೆಲಸಕ್ಕೆ ತೆಗೆದುಕೊಂಡು, ಅವನ ಬಾಯಿಂದಲೇ ನಮ್ಮನ್ನು ಒಕ್ಕಲೆಬ್ಬಿಸುವ ಮಾತು ಹೇಳಿಸಿದರೆ? ಭಯಕ್ಕೆ ಆಧಾರವಿದೆ. ಪ್ರಚಾರದ ಕುರ್ಚಿಯಲ್ಲಿ ಕೂತವರು ಸಂಸ್ಥೆಯ ಸಂಬಳದವರು. ಒಬ್ಬ ಜೇನು ಕುರುಬ ಯುವಕನನ್ನು ಅರಣ್ಯ ಸಂಬಂಧಿ ಸಂಸ್ಥೆ ನೇಮಿಸಿಕೊಂಡು, ಹಾಡಿಯಲ್ಲಿ ಪ್ರತಿಭಟನೆ ನಡೆದ ದಿನ ಕ್ಯಾಮೆರಾ ಮುಂದೆ ನಿಲ್ಲಿಸಿದರೆ ಅದು ವೈವಿಧ್ಯವಲ್ಲ, ಗುರಾಣಿ. ಇದನ್ನು ತಡೆಯಬಹುದಾದದ್ದು ಎರಡು ಸಂಗತಿ: ಒಬ್ಬರಲ್ಲ, ಹಲವರು ಇರಬೇಕು, ಮತ್ತು ಅವರಿಗೆ ‘ಈ ಸಾಲು ಹೋಗಬಾರದು’ ಎಂದು ಹೇಳುವ ಅಧಿಕಾರ ಲಿಖಿತವಾಗಿ ಇರಬೇಕು. ಬೇಕರ್, ಕೆಂಡ್ರಿಕ್ಸ್ ಅವರ ಕಾಲದ ‘ವಿಶೇಷ ಮಾರುಕಟ್ಟೆ’ಯ ಬೇಲಿ ಇಲ್ಲಿ ‘ಗಿರಿಜನ ವಿಭಾಗ’ ಎಂಬ ಹೆಸರಿನಲ್ಲಿ ಮತ್ತೆ ಎದ್ದೇಳಬಾರದು. ಹಾಡಿಯಿಂದ ಬಂದವರು ಕಾಫಿಯ ಬಗ್ಗೆ, ರಸ್ತೆಯ ಬಗ್ಗೆ, ಬಜೆಟ್ಟಿನ ಬಗ್ಗೆಯೂ ಬರೆಯಬೇಕು.

ಕೇಳದೆ ಹೋದರೆ ಆಗುವುದು

ಸಾರ್ವಜನಿಕ ಸಂಪರ್ಕದ ಅರ್ಧ ಕೆಲಸ ಕೇಳಿಸಿಕೊಳ್ಳುವುದು. ಆ ಅರ್ಧ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ನಾಗರಹೊಳೆಯಲ್ಲೇ ಉದಾಹರಣೆ ಇದೆ. ತೊಂಬತ್ತರ ದಶಕದಲ್ಲಿ ದೊಡ್ಡ ಹೋಟೆಲ್ ಸಮೂಹವೊಂದಕ್ಕೆ ರಾಷ್ಟ್ರೀಯ ಉದ್ಯಾನದೊಳಗೆ ಪ್ರವಾಸಿ ವಸತಿ ನಡೆಸಲು ಅವಕಾಶ ಕೊಡಲಾಯಿತು. ಕಾಡಿನಿಂದ ತಮ್ಮನ್ನು ಹೊರಹಾಕಿ ಪ್ರವಾಸಿಗರನ್ನು ಒಳಗೆ ಕರೆಯುವುದೇನು ನ್ಯಾಯ ಎಂದು ಗಿರಿಜನರು 1996ರಲ್ಲಿ ಬೀದಿಗಿಳಿದರು. 1997ರ ಜನವರಿಯಲ್ಲಿ ಹೈಕೋರ್ಟ್ ತೀರ್ಪು ಯೋಜನೆಯ ವಿರುದ್ಧ ಬಂತು, ಅರಣ್ಯ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆ ಎಂಬ ಕಾರಣಕ್ಕೆ. ಕಟ್ಟಡ ಏಳುವ ಮೊದಲೇ ಹಾಡಿಯ ಮಾತು ಒಳಗಿನ ಮೇಜಿಗೆ ತಲುಪಿದ್ದರೆ ಕಂಪನಿಗೆ ನಷ್ಟವೂ ಆಗುತ್ತಿರಲಿಲ್ಲ, ಜನರಿಗೆ ಹೋರಾಟದ ಹೊರೆಯೂ ಬೀಳುತ್ತಿರಲಿಲ್ಲ.

2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಬುಡಕಟ್ಟು ಕುಟುಂಬಗಳ ಗುಡಿಸಲುಗಳನ್ನು ಕೆಡವಿದಾಗಲೂ, 2025ರ ಮೇ ತಿಂಗಳಲ್ಲಿ 52 ಜೇನು ಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೆಯ ನೆಲೆಗೆ ಮರಳಿದಾಗಲೂ ಓದುಗರು ಎರಡು ಬಗೆಯ ಭಾಷೆ ಕಂಡರು. ಒಂದರಲ್ಲಿ ಅವರು ‘ಒತ್ತುವರಿದಾರರು’, ಇನ್ನೊಂದರಲ್ಲಿ ‘ಮೂಲನಿವಾಸಿಗಳು’. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಯಾವುದು ಸರಿ ಎಂಬುದನ್ನು ಗ್ರಾಮಸಭೆಯಿಂದ ಮೇಲಕ್ಕೆ ಸಮಿತಿಗಳು ತೀರ್ಮಾನಿಸಬೇಕು. ಆ ತೀರ್ಮಾನಕ್ಕೆ ಮೊದಲೇ ಒಂದು ಪದ ಪ್ರಕಟಣೆಯಲ್ಲಿ ಹೊರಟುಬಿಟ್ಟರೆ, ಓದುಗನ ಮನಸ್ಸಿನಲ್ಲಿ ಪ್ರಕರಣ ಮುಗಿದಂತೆ.

ಇನ್ನು ಮಳೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಕಾಲೂರು ಕಡೆ ಗುಡ್ಡಗಳು ಕುಸಿದಾಗ ಜಿಲ್ಲೆಗೆ ಪ್ರವಾಸಿಗರ ಪ್ರವೇಶ ನಿರ್ಬಂಧಿಸಲಾಯಿತು. ಆಮೇಲೆ ಎರಡು ಸಂದೇಶಗಳು ಒಟ್ಟಿಗೆ ಹೊರಡಬೇಕಾಯಿತು: ಮನೆ ಕಳೆದುಕೊಂಡವರಿಗೆ ನೆರವು ಬೇಕು, ಮತ್ತು ಕೊಡಗು ಸುರಕ್ಷಿತ, ದಯವಿಟ್ಟು ಬನ್ನಿ. ಎರಡೂ ಸತ್ಯ. ಯಾವುದು ಜೋರಾಗಿ ಕೇಳಿಸುತ್ತದೆ ಎಂಬುದು ಯಾರ ಬಳಿ ಏಜೆನ್ಸಿ ಇದೆ ಎಂಬುದನ್ನು ಅವಲಂಬಿಸಿರುತ್ತದೆ. ಮುನ್ನೆಚ್ಚರಿಕೆಯ ವಿಷಯದಲ್ಲಂತೂ ಇದು ಜೀವದ ಪ್ರಶ್ನೆ. ಗುಡ್ಡದ ಬುಡದ ಲೈನ್ ಮನೆಯಲ್ಲಿ ರಾತ್ರಿ ಮಲಗಿರುವ ಅಸ್ಸಾಂ ಕಾರ್ಮಿಕನಿಗೆ, ಫೋನೇ ಇಲ್ಲದ ಪಣಿಯ ಅಜ್ಜಿಗೆ ಕನ್ನಡದ ವಾಟ್ಸ್‌ಆ್ಯಪ್ ಸಂದೇಶ ಎಚ್ಚರಿಕೆಯಾಗುವುದಿಲ್ಲ. ಅವರ ಭಾಷೆ ಬಲ್ಲ, ಅವರು ನಂಬುವ ಒಬ್ಬರು ಆ ವ್ಯವಸ್ಥೆಯಲ್ಲಿ ಇರಲೇಬೇಕು.

ಬಾಗಿಲು ಮುಚ್ಚಿರುವುದು ಎಲ್ಲಿ?

ಹಾಡಿಯ ಮಗು ಆಶ್ರಮ ಶಾಲೆ ಸೇರುತ್ತದೆ, ಪ್ರೌಢಶಾಲೆಯ ಹೊತ್ತಿಗೆ ಹಲವರು ಉದುರಿಹೋಗುತ್ತಾರೆ. ಪದವಿಗೆ ಬರುವವರು ಕೆಲವರು. ಪತ್ರಿಕೋದ್ಯಮ ಓದಿದವರು ಅದರಲ್ಲೂ ಕೆಲವರು. ಆ ಕೆಲವರು ಬೆಂಗಳೂರಿಗೆ ಹೋಗಿ ಆರು ತಿಂಗಳು ಸಂಬಳವಿಲ್ಲದೆ ದುಡಿಯುವ ಸ್ಥಿತಿಯಲ್ಲಿ ಇರುವುದಿಲ್ಲ. ಮಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ಚಿಕ್ಕ ಅಳುವಾರದಲ್ಲಿ ನೆಲೆಯೂರಿದ ಕೊಡಗು ವಿಶ್ವವಿದ್ಯಾಲಯ, ಜಿಲ್ಲೆಯಲ್ಲೇ ಉನ್ನತ ಶಿಕ್ಷಣದ ಆಸೆ ಹುಟ್ಟಿಸಿತ್ತು. 2025ರ ಫೆಬ್ರುವರಿಯಲ್ಲಿ ಅದೂ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಪ್ರಸ್ತಾವ ಬಂದಾಗ ಜಿಲ್ಲೆಯಲ್ಲಿ ಎದ್ದ ವಿರೋಧಕ್ಕೆ ಈ ಹಿನ್ನೆಲೆಯಿದೆ. ಮನೆಗೆ ಹತ್ತಿರದ ಕಾಲೇಜು ಮುಚ್ಚಿದರೆ ಮೊದಲು ಓದು ಬಿಡುವವರು ಹಾಡಿಯ ಹೆಣ್ಣುಮಕ್ಕಳು.

ನೇಮಕಾತಿಯ ರೀತಿಯೂ ಬದಲಾಗಿದೆ. ಸರ್ಕಾರಿ ಕಚೇರಿಗಳಲ್ಲಿ ಸಾಮಾಜಿಕ ಜಾಲತಾಣ ನಿರ್ವಹಣೆ, ವಿಡಿಯೊ ತಯಾರಿ, ವಿನ್ಯಾಸದಂಥ ಹೊಸ ಕೆಲಸಗಳು ಹೊರಗುತ್ತಿಗೆಗೆ ಹೋಗುತ್ತಿವೆ. ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕೆಂದು ರಾಜ್ಯ ಸರ್ಕಾರ 2024ರಲ್ಲಿ ಸೂಚಿಸಿತು. ಆದರೆ ಅದು ಅನ್ವಯವಾಗುವುದು ಇಪ್ಪತ್ತು ಮಂದಿಯಾದರೂ ಇರುವ ಕಡೆ. ಪ್ರಚಾರದ ತಂಡಗಳು ಮೂರು, ನಾಲ್ಕು ಜನರವು. ಅಂದರೆ ಜಿಲ್ಲೆಯ ಮಾತನ್ನು ದಿನವೂ ಬರೆಯುವ ಕೈಗಳೇ ಈ ನಿಯಮದ ಹೊರಗೆ ಉಳಿಯುತ್ತವೆ. ಜಿಲ್ಲೆಯ ಎಲ್ಲ ಇಲಾಖೆಗಳ ಇಂಥ ಹುದ್ದೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರೆ ಇಪ್ಪತ್ತರ ಗೆರೆ ದಾಟುವುದು ಕಷ್ಟವಾಗಲಾರದು. ಅದಕ್ಕೆ ಹೊಸ ಕಾನೂನಾಗಲಿ, ವಿಧಾನಸಭೆಯ ಒಪ್ಪಿಗೆಯಾಗಲಿ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ರೆಸಾರ್ಟ್ ಮತ್ತು ಕಾಫಿ ಉದ್ಯಮದ ಮಟ್ಟಿಗೆ ಬ್ರಿಟನ್ನಿನ ಮಾದರಿ ಇಲ್ಲಿಗೆ ಹೊಂದುತ್ತದೆ: ಭತ್ಯೆ ಕೊಟ್ಟು, ಮಡಿಕೇರಿ ಅಥವಾ ಗೋಣಿಕೊಪ್ಪದಲ್ಲೇ, ಬಸ್ಸಿನಲ್ಲಿ ಮನೆಯಿಂದ ಬಂದು ಹೋಗುವಷ್ಟು ದೂರದಲ್ಲಿ ನಡೆಯುವ ತರಬೇತಿ. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆ ಗುರುತು ನೆಲದ ಹೆಸರಿನಲ್ಲಿದೆ, ಯಾವ ಒಂದು ಮನೆತನದ ಹೆಸರಿನಲ್ಲೂ ಇಲ್ಲ. ಹಣ್ಣು ಬಿಡಿಸಿದ ಕೈಯ ಮಗಳು ಆ ಕಾಫಿಯ ಬಗ್ಗೆ ವಿದೇಶಿ ಕೊಳ್ಳುಗರಿಗೆ ಹೋಗುವ ಟಿಪ್ಪಣಿಯನ್ನು ಬರೆಯುವಂತಾಗಲು ಒಂದು ತಲೆಮಾರಿನ ಓದು, ಒಂದು ವರ್ಷದ ಭತ್ಯೆ, ಮತ್ತು ಅವಳು ತಿದ್ದಿದ ಸಾಲನ್ನು ಹಾಗೆಯೇ ಕಳಿಸಲು ಒಪ್ಪುವ ಒಬ್ಬ ಮೇಲಧಿಕಾರಿ ಬೇಕು. ಮೊದಲನೆಯದು ಕೆಲವು ಹಾಡಿಗಳಲ್ಲಿ ಈಗಾಗಲೇ ಶುರುವಾಗಿದೆ.